ಕ್ಯಾಸೆಟ್ ಕಂಪ್ಯೂಟರಿಗೆ ಇಳಿಯುವಾಗ ಕಿವಿ ಎಲ್ಲಿರಬೇಕು?

ಟೇಪ್ ರೆಕಾರ್ಡರಿನ ಹೆಡ್‌ಫೋನ್ ತೂತಿಗೆ ಕೇಬಲ್ ಸಿಕ್ಕಿಸಿದ ಕೂಡಲೇ ಅದರ ಸ್ಪೀಕರ್ ಬಂದ್ ಆಗುತ್ತದೆ. ಅದನ್ನು ಮಾಡಿರುವುದೇ ಹಾಗೆ. ಕಂಪ್ಯೂಟರಿನ ಪರದೆಯ ಮೇಲೆ ಅಲೆಗಳು ಕುಣಿಯುತ್ತಿರುತ್ತವೆ, ಕಿವಿಗೆ ಮಾತ್ರ ಏನೂ ಬೀಳುವುದಿಲ್ಲ. ಹೆಚ್ಚಿನವರು ಅಷ್ಟಕ್ಕೇ ತೃಪ್ತರಾಗಿ ಊಟಕ್ಕೆ ಏಳುತ್ತಾರೆ. ಏಳಬೇಡಿ. ಒಳಗೆ ಹೋಗುತ್ತಿರುವುದು ಭಾಗವತರ ಪದ್ಯವೋ, ಲ್ಯಾಪ್‌ಟಾಪಿನ ಸ್ವಂತ ಮೈಕ್ ಹಿಡಿದ ಫ್ಯಾನಿನ ಸದ್ದೋ ಎಂಬುದು ಅಲೆಯನ್ನು ನೋಡಿದರೆ ತಿಳಿಯುವುದಿಲ್ಲ.

ನಮ್ಮ ಮನೆಯ ಕ್ಯಾಸೆಟ್‌ಗಳು ಹೆಚ್ಚಾಗಿ ತಾಳಮದ್ದಲೆಯವು, ಅಂದರೆ ವೇಷವಿಲ್ಲದೆ ಕುಳಿತು, ಭಾಗವತರು ಪದ್ಯ ಹಾಡಿ ಅರ್ಥಧಾರಿಗಳು ಮಾತಿನಲ್ಲಿ ಅದರ ಅರ್ಥ ಹೇಳುವ ಯಕ್ಷಗಾನದವು. ಅಪ್ಪ ವೇದಿಕೆಯ ಮುಂದೆ ರೆಕಾರ್ಡರ್ ಇಟ್ಟು ತುಂಬಿಸಿಕೊಂಡವು. ಅಂಗಡಿಯಲ್ಲಿ ಇನ್ನೊಂದು ಪ್ರತಿ ಸಿಗುವಂಥವಲ್ಲ. ಅದಕ್ಕೇ ಈ ಹಟ.

ಕೇಳಲು ಎರಡು ದಾರಿಗಳಿವೆ. ಮೊದಲನೆಯದು ಒಂದು ಪಿನ್ನನ್ನು ಎರಡಾಗಿ ಕವಲೊಡೆಸುವ ಅಗ್ಗದ ಕೇಬಲ್. ಒಂದು ಕವಲು ಕಂಪ್ಯೂಟರಿಗೆ, ಇನ್ನೊಂದು ನಿಮ್ಮ ಹೆಡ್‌ಫೋನಿಗೆ. ಇಲ್ಲಿ ಕೇಳಿಸುವುದು ಕಂಪ್ಯೂಟರಿಗೆ ಹೋಗುವ ಮೊದಲಿನ ಸದ್ದು. ಎರಡನೆಯದು, ಕಂಪ್ಯೂಟರ್ ಒಳಗೆ ತೆಗೆದುಕೊಂಡದ್ದನ್ನು ಅದರ ಬಾಯಿಂದಲೇ ಕೇಳುವುದು. ನಾನು ಎರಡನೆಯದರ ಪಕ್ಷ. ಕಾರಣವನ್ನು ಮುಂದೆ ಹೇಳುತ್ತೇನೆ.

ಆಡಾಸಿಟಿ ಎಂಬ ಉಚಿತ ತಂತ್ರಾಂಶವಿದ್ದರೆ ಸಾಕು. ಅದರ ಟ್ರಾನ್ಸ್‌ಪೋರ್ಟ್ ಮೆನುವಿನಲ್ಲಿ ಟ್ರಾನ್ಸ್‌ಪೋರ್ಟ್ ಆಪ್ಷನ್ಸ್ ತೆರೆಯಿರಿ. ಹಳೆಯ ಆವೃತ್ತಿಗಳಲ್ಲಿ 'ಸಾಫ್ಟ್‌ವೇರ್ ಪ್ಲೇಥ್ರೂ' ಎಂದಿರುತ್ತದೆ, ಹೊಸದರಲ್ಲಿ 'ಆಡಿಬಲ್ ಇನ್‌ಪುಟ್ ಮಾನಿಟರಿಂಗ್'. ಅದಕ್ಕೆ ಗುರುತು ಹಾಕಿ. ರೆಕಾರ್ಡಿಂಗ್ ಮೀಟರಿನಿಂದ ಮಾನಿಟರಿಂಗ್ ಆರಂಭಿಸಿದರೆ ರೆಕಾರ್ಡ್ ಒತ್ತುವ ಮೊದಲೇ ಸದ್ದು ಬರುತ್ತದೆ. ವಿಂಡೋಸ್‌ನಲ್ಲೇ ಇನ್ನೊಂದು ವ್ಯವಸ್ಥೆಯಿದೆ: ಸೌಂಡ್ ಕಂಟ್ರೋಲ್ ಪ್ಯಾನೆಲ್, ರೆಕಾರ್ಡಿಂಗ್, ಲೈನ್ ಇನ್ (ಹೊರಗಿನ ಯಂತ್ರದ ಸದ್ದು ಒಳಬರುವ ತೂತು), ಪ್ರಾಪರ್ಟೀಸ್, ಅಲ್ಲಿ 'ಲಿಸನ್' ಪುಟ. ಎರಡರಲ್ಲಿ ಒಂದನ್ನೇ ಹಾಕಿ. ಎರಡೂ ಚಾಲೂ ಇದ್ದರೆ ಒಬ್ಬ ಅರ್ಥಧಾರಿಯ ಮಾತನ್ನು ಇಬ್ಬರು ಆಡಿದಂತೆ ಕೇಳಿಸುತ್ತದೆ.

ಈಗ ಕಾರಣ. ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಮೈಕಿನ ಸದ್ದಿನಿಂದ ಗದ್ದಲ ತೆಗೆಯುವ ಏರ್ಪಾಡು ಮೊದಲೇ ಚಾಲೂ ಇರುತ್ತದೆ. ಅದನ್ನು ಮಾಡಿದ್ದು ಕರೆಗಳಲ್ಲಿ ಮಾತನಾಡುವವರಿಗಾಗಿ. ಒಂದೇ ಸಮನೆ ಬರುವ ಸದ್ದನ್ನು ಅದು ಗದ್ದಲವೆಂದು ಎಣಿಸಿ ಅಳಿಸಲು ನೋಡುತ್ತದೆ. ನಮ್ಮ ಶ್ರುತಿಯೂ ಒಂದೇ ಸಮನೆ ಬರುವುದೇ ತಾನೆ! ಮಾತು ಸ್ವಚ್ಛವಾಗಿ ಉಳಿದು, ಪದ್ಯದ ಅಡಿಯಿಂದ ಶ್ರುತಿ ಮಾಯವಾಗಿರುತ್ತದೆ. ಕವಲು ಕೇಬಲಿನಲ್ಲಿ ಕೇಳುತ್ತಿದ್ದವರಿಗೆ ಇದು ಗೊತ್ತೇ ಆಗುವುದಿಲ್ಲ, ಅವರ ಕಿವಿಯಲ್ಲಿ ಶ್ರುತಿ ಸರಿಯಾಗಿಯೇ ಇರುತ್ತದೆ. ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಆ ಸಾಧನದ 'ಎನ್‌ಹಾನ್ಸ್‌ಮೆಂಟ್ಸ್' ಎಲ್ಲವನ್ನೂ ಬಂದ್ ಮಾಡಿಬಿಡಿ.

ಕಂಪ್ಯೂಟರಿನ ಮೂಲಕ ಕೇಳುವಾಗ ಸದ್ದು ಕ್ಷಣಾರ್ಧ ತಡವಾಗಿ ಬರುತ್ತದೆ. ಕಡತದ ಗುಣಕ್ಕೆ ಅದರಿಂದ ಯಾವ ಬಾಧೆಯೂ ಇಲ್ಲ. ಕೀರಲು ಕೂಗು ಎದ್ದರೆ ಮಾತ್ರ ತಕ್ಷಣ ನಿಲ್ಲಿಸಿ: ಒಳಗಿನ ಮೈಕ್ ಆಯ್ಕೆಯಾಗಿದೆ, ಸ್ಪೀಕರಿನ ಸದ್ದು ಮತ್ತೆ ಅದಕ್ಕೇ ಹೋಗುತ್ತಿದೆ. ಮೈಕಿನ ಹತ್ತಿರ ಬೆರಳಿನಿಂದ ತಟ್ಟಿ ನೋಡಿ. ಮೀಟರ್ ಜಿಗಿದರೆ ಇನ್‌ಪುಟ್ ಬದಲಿಸಬೇಕು.

ಯುಎಸ್‌ಬಿಯ ಅಡಾಪ್ಟರ್ (ಟೇಪಿನ ಸದ್ದನ್ನು ಆ ತೂತಿನ ಮೂಲಕ ಕಂಪ್ಯೂಟರಿಗೆ ಕೊಡುವ ಸಾಧನ) ಹಚ್ಚಿದವರಿಗೆ ಬೇರೆ ಗೊಂದಲ. ಹಚ್ಚಿದ ತಕ್ಷಣ ವಿಂಡೋಸ್ ಅದನ್ನೇ ಸ್ಪೀಕರ್ ಎಂದೂ ಭಾವಿಸಿ ಸದ್ದನ್ನೆಲ್ಲ ಅತ್ತ ಕಳಿಸಬಹುದು. ಆಡಾಸಿಟಿಯಲ್ಲಿ ರೆಕಾರ್ಡಿಂಗಿಗೆ ಯುಎಸ್‌ಬಿ ಸಾಧನ, ಪ್ಲೇಬ್ಯಾಕಿಗೆ ಕಂಪ್ಯೂಟರಿನ ಸ್ವಂತ ಸ್ಪೀಕರ್ ಎಂದು ನೀವೇ ಆರಿಸಿ. ಡೆಸ್ಕ್‌ಟಾಪ್ ಇದ್ದವರಿಗೆ ಹಿಂಬದಿಯ ನೀಲಿ ತೂತೇ ಲೈನ್ ಇನ್. ಗುಲಾಬಿ ಬಣ್ಣದ್ದು ಮೈಕಿನದು, ಟೇಪ್ ರೆಕಾರ್ಡರಿನ ಜೋರು ಅದಕ್ಕೆ ತಾಳದು.

ರೆಕಾರ್ಡಿಂಗಿನ ಸದ್ದಿನ ಮಟ್ಟವನ್ನು ಅರ್ಥ ಹೇಳುವಾಗ ಹೊಂದಿಸಬೇಡಿ, ಚೆಂಡೆ ಬಾರಿಸುವಾಗ ಹೊಂದಿಸಿ. ಅತಿ ಜೋರಿನ ಪೆಟ್ಟು ಮೀಟರಿನಲ್ಲಿ ಮೈನಸ್ 6 ಡೆಸಿಬೆಲ್ ದಾಟದಿದ್ದರೆ ಸರಿ. ಮೀಟರ್ ಸೊನ್ನೆಗೆ ಬಡಿದಾಗ ಸೀಳಿದ ಸದ್ದನ್ನು ಆಮೇಲೆ ಯಾವ ತಂತ್ರಾಂಶವೂ ಮೊದಲಿನಂತೆ ಮಾಡಿಕೊಡುವುದಿಲ್ಲ. 44100 ಹರ್ಟ್ಸ್, 16 ಬಿಟ್ ಸಾಕು. 90 ನಿಮಿಷದ ಕ್ಯಾಸೆಟ್ಟಿನ ಒಂದು ಬದಿ, ಅಂದರೆ 45 ನಿಮಿಷ, ಸ್ಟೀರಿಯೋ ವೇವ್ ಕಡತವಾಗಿ ಸುಮಾರು 475 ಎಂಬಿ ಆಗುತ್ತದೆ.

ಕವಲು ಕೇಬಲನ್ನು ಎಸೆಯಬೇಡಿ, ಟೇಪನ್ನು ಓದುವ ಹೆಡ್ ಹೊಂದಿಸಲು ಅದೇ ಬೇಕು. ಒಂದು ಯಂತ್ರದಲ್ಲಿ ತುಂಬಿದ್ದನ್ನು ಇನ್ನೊಂದರಲ್ಲಿ ಹಾಕಿದರೆ ತಾಳದ ಕಿಣಿಕಿಣಿ ಮಂಕಾಗಿ ಕೇಳಿಸುವುದುಂಟು. ಮೊದಲು ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಕಡ್ಡಿಯಿಂದ ಹೆಡ್ ಒರೆಸಿ. ಆಮೇಲೂ ಮಂಕಾಗಿದ್ದರೆ ಹೆಡ್ಡಿನ ಪಕ್ಕದಲ್ಲಿ ಸ್ಪ್ರಿಂಗ್ ಇರುವ ಪುಟ್ಟ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತಾ, ತಾಳ ಅತಿ ಸ್ಪಷ್ಟವಾಗುವ ಜಾಗದಲ್ಲಿ ನಿಲ್ಲಿಸಿ. ಈ ಕೆಲಸದಲ್ಲಿ ಕೈಯೂ ಕಿವಿಯೂ ಒಟ್ಟಿಗೆ ನಡೆಯಬೇಕು, ತಡವಾಗಿ ಬರುವ ಸದ್ದು ಕೈಯನ್ನು ತಪ್ಪಿಸುತ್ತದೆ. ಬದಿ ತಿರುಗಿಸಿದಾಗ ಮತ್ತೊಮ್ಮೆ ಕೇಳಿ ನೋಡಿ.

ಎಲ್ಲ ಮುಗಿದ ಮೇಲೆ 'ಲಿಸನ್' ಗುರುತನ್ನು ತೆಗೆಯಿರಿ. ಕಂಪ್ಯೂಟರ್ ಬಂದ್ ಮಾಡಿ ಮತ್ತೆ ಹಾಕಿದರೂ ಅದು ಉಳಿದಿರುತ್ತದೆ. ಅದೇ ತೂತಿಗೆ ಮೈಕ್ ಹಾಕಿ ಮಗಳೊಡನೆ ವಿಡಿಯೋ ಕರೆಗೆ ಕುಳಿತರೆ ನಿಮ್ಮ ಮಾತೇ ನಿಮಗೆ ಮರಳಿ ಕೇಳಿಸೀತು.