ಕ್ಯಾಮ್ ಬದಲಿಸುತ್ತೀರಾ? ಮೊದಲು ಮಕ್ಕಳ ಕ್ಲೇ ತನ್ನಿ

ಎಂಜಿನ್‌ಗೆ ದೊಡ್ಡ ಕ್ಯಾಮ್ (ಗಾಳಿ ಬರುವ, ಹೊಗೆ ಹೋಗುವ ವಾಲ್ವ್‌ಗಳನ್ನು ತೆರೆಯುವ ಉಬ್ಬುಗಳಿರುವ ಶಾಫ್ಟ್) ಹಾಕಬೇಕು ಅಂತ ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು ಸ್ಪ್ರಿಂಗ್ ಬಗ್ಗೆ. ಎಂಜಿನ್ 6000 ಆರ್‌ಪಿಎಂನಲ್ಲಿ ಓಡುವಾಗ ಕ್ಯಾಮ್‌ಶಾಫ್ಟ್ ಅದರ ಅರ್ಧ ವೇಗದಲ್ಲಿ, ಅಂದರೆ ನಿಮಿಷಕ್ಕೆ 3000 ಸುತ್ತು ತಿರುಗುತ್ತದೆ. ಒಂದೊಂದು ವಾಲ್ವೂ ಸೆಕೆಂಡಿಗೆ 50 ಸಲ ತೆರೆದು ಮುಚ್ಚಬೇಕು. ತೆರೆಯುವುದು ಕ್ಯಾಮ್‌ನ ಕೆಲಸ, ಮುಚ್ಚುವುದು ಸ್ಪ್ರಿಂಗ್‌ನ ಕೆಲಸ. ಸ್ಪ್ರಿಂಗ್ ಸೋತರೆ ವಾಲ್ವ್ ತಡವಾಗಿ ಮುಚ್ಚುತ್ತದೆ. ಅಷ್ಟರಲ್ಲಿ ಪಿಸ್ಟನ್ ಮೇಲೆ ಬಂದಿರುತ್ತದೆ. ಆಮೇಲೆ ಏನಾಗುತ್ತದೆ ಅಂತ ಬೇರೆ ಹೇಳಬೇಕಿಲ್ಲ ಅಲ್ವಾ?

ಕ್ಯಾಮ್ ಆರಿಸುವಾಗ

ಕ್ಯಾಮ್ ಜೊತೆ ಬರುವ ಚೀಟಿಯಲ್ಲಿ ಎರಡು ಅಳತೆ ಮುಖ್ಯ. ವಾಲ್ವ್ ಎಷ್ಟು ಕೆಳಗಿಳಿಯುತ್ತದೆ ಅನ್ನುವುದು ಲಿಫ್ಟ್. ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಶಾಫ್ಟ್) ಎಷ್ಟು ಡಿಗ್ರಿ ತಿರುಗುವ ತನಕ ತೆರೆದಿರುತ್ತದೆ ಅನ್ನುವುದು ಡ್ಯುರೇಶನ್. ಡ್ಯುರೇಶನ್ ಹೆಚ್ಚಾದಷ್ಟೂ ಪವರ್ ಮೇಲಿನ ಆರ್‌ಪಿಎಂಗೆ ಸರಿಯುತ್ತದೆ, ಕೆಳಗಿನ ಎಳೆತ ಕಡಿಮೆಯಾಗುತ್ತದೆ. ಐಡಲ್ ಗಡಗಡ ಅನ್ನುತ್ತದೆ. ಎಂಜಿನ್‌ನ ವ್ಯಾಕ್ಯೂಮ್ ತಗ್ಗುವುದರಿಂದ ಬ್ರೇಕ್ ಪೆಡಲ್ ಕೂಡ ಗಟ್ಟಿಯಾಗಬಹುದು. ದಿನಾ ಓಡಿಸುವ ಕಾರಿಗೆ ರೇಸ್ ಕ್ಯಾಮ್ ಹಾಕಿ ಸಿಗ್ನಲ್‌ನಲ್ಲಿ ಪರದಾಡುವವರನ್ನು ನೋಡಿದ್ದೇನೆ. ಎರಡು ಕ್ಯಾಮ್ ಹೋಲಿಸುವಾಗ ಟ್ಯಾಪೆಟ್‌ನ (ಕ್ಯಾಮ್‌ನ ಉಬ್ಬಿನ ಮೇಲೆ ಕೂತು ಏರಿಳಿಯುವ ಭಾಗ) 1.27 ಮಿ.ಮೀ. ಲಿಫ್ಟ್‌ನಲ್ಲಿ ಅಳೆದ ಡ್ಯುರೇಶನ್ ಮಾತ್ರ ನೋಡಿ. ಡಬ್ಬದ ಮೇಲಿನ ದೊಡ್ಡ ಸಂಖ್ಯೆಯನ್ನು ಒಬ್ಬೊಬ್ಬರು ಒಂದೊಂದು ರೀತಿ ಅಳೆದಿರುತ್ತಾರೆ.

ಸ್ಪ್ರಿಂಗ್‌ನ ಲೆಕ್ಕ

ಕ್ಯಾಮ್‌ನ ಉಬ್ಬು 8 ಮಿ.ಮೀ. ಎತ್ತುತ್ತದೆ, ರಾಕರ್ (ಆ ಚಲನೆಯನ್ನು ಹೆಚ್ಚಿಸಿ ವಾಲ್ವ್‌ಗೆ ದಾಟಿಸುವ ಸನ್ನೆ) ಅನುಪಾತ 1.5 ಅಂದುಕೊಳ್ಳಿ. ವಾಲ್ವ್ 12 ಮಿ.ಮೀ. ಇಳಿಯುತ್ತದೆ. 1.6ರ ರಾಕರ್ ಹಾಕಿದರೆ 12.8. ಹೆಡ್‌ನಲ್ಲಿ (ಸಿಲಿಂಡರ್‌ಗಳ ಮೇಲೆ ಕೂರುವ, ವಾಲ್ವ್‌ಗಳಿರುವ ಭಾಗ) ಕೂತ ಸ್ಪ್ರಿಂಗ್‌ನ ಎತ್ತರ 45 ಮಿ.ಮೀ. ಇದ್ದರೆ, ವಾಲ್ವ್ ಪೂರ್ತಿ ತೆರೆದಾಗ ಅದು 32.2ಕ್ಕೆ ಕುಗ್ಗುತ್ತದೆ. ಸುರುಳಿಗಳು ಒಂದಕ್ಕೊಂದು ಅಂಟಿಕೊಳ್ಳುವ ಮುಂಚೆ ಇನ್ನೂ 1.5 ಮಿ.ಮೀ. ಜಾಗ ಉಳಿಯಬೇಕು. ಹಾಗಾಗಿ 30.7 ಮಿ.ಮೀ. ತನಕ ಆರಾಮಾಗಿ ಕುಗ್ಗುವ ಸ್ಪ್ರಿಂಗ್ ಬೇಕು.

ಇನ್ನೊಂದು ಜಾಗವನ್ನೂ ಅಳೆಯಿರಿ: ವಾಲ್ವ್ ಪೂರ್ತಿ ಇಳಿದಾಗ ರಿಟೇನರ್‌ನ (ಸ್ಪ್ರಿಂಗ್ ಮೇಲಿನ ಬಿಲ್ಲೆ) ತಳಕ್ಕೂ ವಾಲ್ವ್ ಸೀಲ್‌ನ (ಆಯಿಲ್ ಒಳಗಿಳಿಯದಂತೆ ತಡೆಯುವ ರಬ್ಬರ್) ತಲೆಗೂ ನಡುವಿನ ಅಂತರ. ನಾನು ಮೊದಲ ಸಲ ಇದನ್ನು ಅಳೆಯದೆ ಬಿಟ್ಟಿದ್ದೆ. ರಿಟೇನರ್ ಸೀಲ್‌ಗಳನ್ನು ಜಜ್ಜಿ ಹಾಕಿತು, ಸೈಲೆನ್ಸರ್‌ನಿಂದ ನೀಲಿ ಹೊಗೆ ಶುರುವಾಯಿತು. ಕಂಡವರೆಲ್ಲ ಪಿಸ್ಟನ್ ರಿಂಗ್ ಹೋಗಿದೆ ಅಂದರು, ನಾನೂ ನಂಬಿಬಿಟ್ಟೆ.

ಹೆಡ್ ಬಿಚ್ಚದೆ ಸ್ಪ್ರಿಂಗ್ ಬದಲಿಸುವುದಾದರೆ ವಾಲ್ವ್ ಸಿಲಿಂಡರ್‌ಗೆ ಬೀಳದಂತೆ ನೋಡಿಕೊಳ್ಳಬೇಕು. ಹಳೆಯ ಮೆಕ್ಯಾನಿಕ್‌ಗಳ ಉಪಾಯ ಸುಲಭ. ಆ ಸಿಲಿಂಡರ್‌ನ ಎರಡೂ ವಾಲ್ವ್ ಮುಚ್ಚಿರಬೇಕು, ಪಿಸ್ಟನ್ ಸ್ವಲ್ಪ ಕೆಳಗಿರಬೇಕು. ಪ್ಲಗ್ ತೂತಿನಿಂದ ನೈಲಾನ್ ಹಗ್ಗ ತುರುಕಿ, ತುದಿಯನ್ನು ಹೊರಗೇ ಬಿಡಿ. ಕ್ರ್ಯಾಂಕ್ ಅನ್ನು ಕೈಯಿಂದ ತಿರುಗಿಸಿ ಪಿಸ್ಟನ್ ಮೇಲೆ ತಂದರೆ ಹಗ್ಗದ ಮುದ್ದೆ ವಾಲ್ವ್‌ಗಳನ್ನು ಒತ್ತಿ ಹಿಡಿಯುತ್ತದೆ. ಸ್ಪ್ರಿಂಗ್ ಒತ್ತುವ ಮೊದಲು ಆಯಿಲ್ ಇಳಿಯುವ ತೂತುಗಳಿಗೆ ಬಟ್ಟೆ ತುರುಕಿ. ರಿಟೇನರ್ ಅನ್ನು ವಾಲ್ವ್‌ಗೆ ಹಿಡಿದಿಡುವ ಚಿಕ್ಕ ಲಾಕ್‌ಗಳು ಚಂಗನೆ ಹಾರಿ ನೇರ ಅಲ್ಲಿಗೇ ಬೀಳುತ್ತವೆ.

ಡಿಗ್ರಿ ನೋಡುವುದು

ಕ್ರ್ಯಾಂಕ್‌ಗೆ ತಕ್ಕಂತೆ ಕ್ಯಾಮ್ ಸರಿಯಾದ ಕೋನದಲ್ಲಿ ಕೂತಿದೆಯೇ ಅಂತ ಈಗ ನೋಡಬೇಕು. ಗೇರ್‌ಗಳ ಮೇಲಿನ ಗುರುತಿಗೆ ಗುರುತು ಕೂಡಿಸಿದರೆ ಸಾಕು ಅನ್ನುವವರಿದ್ದಾರೆ. ಕಂಪನಿಯೇ ಹಾಕಿದ ಸ್ಟಾಕ್ ಕ್ಯಾಮ್‌ಗೆ ಸರಿ, ಇಲ್ಲಿ ಸಾಲದು. ಕ್ರ್ಯಾಂಕ್‌ಗೆ ಡಿಗ್ರಿ ವೀಲ್ (ಡಿಗ್ರಿ ಗುರುತುಗಳಿರುವ ಚಕ್ರ) ಕಟ್ಟಿ. ಪ್ಲಗ್ ತೂತಿಗೆ ಪಿಸ್ಟನ್ ಸ್ಟಾಪ್ (ಪಿಸ್ಟನ್ ಪೂರ್ತಿ ಮೇಲೇರದಂತೆ ತಡೆಯುವ ಸಲಕರಣೆ) ಹಾಕಿ ಎರಡೂ ಕಡೆ ನಿಧಾನವಾಗಿ ತಿರುಗಿಸಿ. ಪಿಸ್ಟನ್ ತಾಗಿದ ಎರಡು ಜಾಗಗಳ ನಟ್ಟನಡುವೆ ನಿಜವಾದ ಟಿಡಿಸಿ, ಅಂದರೆ ಪಿಸ್ಟನ್ ತೀರಾ ಮೇಲಿರುವ ಜಾಗ ಇದೆ. ಸ್ಟಾಪ್ ತೆಗೆದು, ಇನ್‌ಟೇಕ್ (ಗಾಳಿ ಒಳಬರುವ) ಕಡೆಯ ಟ್ಯಾಪೆಟ್‌ಗೆ ಡಯಲ್ ಗೇಜ್ ಇಟ್ಟು, ಗರಿಷ್ಠ ಲಿಫ್ಟ್‌ಗೆ 1.27 ಮಿ.ಮೀ. ಮುಂಚೆ ಮತ್ತು ನಂತರ ಡಿಗ್ರಿ ಬರೆದುಕೊಳ್ಳಿ. 86 ಮತ್ತು 130 ಬಂದರೆ ನಡು 108. ಚೀಟಿಯಲ್ಲಿ 106 ಅಂತಿದ್ದರೆ ನಿಮ್ಮ ಕ್ಯಾಮ್ 2 ಡಿಗ್ರಿ ಹಿಂದಿದೆ. ಹೊಂದಿಸಬಹುದಾದ ಕ್ಯಾಮ್ ಗೇರ್ ಇದ್ದರೆ ಸರಿಮಾಡಿ.

ಈಗ ಕ್ಲೇ

ವಾಲ್ವ್‌ಗೂ ಪಿಸ್ಟನ್‌ಗೂ ನಡುವೆ ಎಷ್ಟು ಜಾಗ ಉಳಿಯುತ್ತದೆ ಅಂತ ಅಳೆಯುವುದಕ್ಕೇ ಕ್ಲೇ. ಈ ಹಂತಕ್ಕೆ ಹೆಡ್ ಬಿಚ್ಚಲೇಬೇಕು. ಪಿಸ್ಟನ್ ತಲೆಯ ಮೇಲೆ, ವಾಲ್ವ್‌ಗಳು ಬರುವ ಜಾಗದಲ್ಲಿ ಕ್ಲೇಯ ದಪ್ಪ ಪಟ್ಟಿ ಒತ್ತಿ. ಅಂಟದಿರಲಿ ಅಂತ ವಾಲ್ವ್‌ಗಳಿಗೆ ಚೂರು ಆಯಿಲ್ ಸವರಿ. ಹಳೆಯ ಹೆಡ್ ಗ್ಯಾಸ್ಕೆಟ್ ಇಟ್ಟು ಹೆಡ್ ಬಿಗಿ ಮಾಡಿ, ಕ್ರ್ಯಾಂಕ್ ಅನ್ನು ಕೈಯಿಂದಲೇ ಎರಡು ಪೂರ್ತಿ ಸುತ್ತು ತಿರುಗಿಸಿ. ಎಲ್ಲಾದರೂ ಗಟ್ಟಿ ತಡೆ ಸಿಕ್ಕರೆ ಅಲ್ಲಿಗೇ ನಿಲ್ಲಿಸಿ, ಬಲ ಹಾಕಬೇಡಿ. ಆಯಿಲ್ ಒತ್ತಡದಿಂದ ಕೆಲಸ ಮಾಡುವ ಹೈಡ್ರಾಲಿಕ್ ಟ್ಯಾಪೆಟ್ ಇದ್ದರೆ ಅದು ಒಳಗೆ ಕುಸಿದು ಅಳತೆ ತಪ್ಪುತ್ತದೆ. ಪರೀಕ್ಷೆಗೆ ಮಾತ್ರ ಸಾಲಿಡ್ ಟ್ಯಾಪೆಟ್ ಹಾಕಿ.

ಹೆಡ್ ಎತ್ತಿದಾಗ ಕ್ಲೇ ಮೇಲೆ ವಾಲ್ವ್‌ನ ಅಚ್ಚು ಅರ್ಧಚಂದ್ರದ ಹಾಗೆ ಮೂಡಿರುತ್ತದೆ. ಬ್ಲೇಡ್‌ನಿಂದ ನೇರ ಕೊಯ್ದು, ತೀರಾ ತೆಳುವಾದ ಕಡೆ ಅಳೆಯಿರಿ. ಸಾಮಾನ್ಯವಾಗಿ ಇನ್‌ಟೇಕ್‌ಗೆ 2 ಮಿ.ಮೀ., ಎಕ್ಸಾಸ್ಟ್‌ಗೆ (ಹೊಗೆ ಹೋಗುವ ಕಡೆ) 2.5 ಮಿ.ಮೀ. ಕನಿಷ್ಠ. ಎಕ್ಸಾಸ್ಟ್ ವಾಲ್ವ್ ಜಾಸ್ತಿ ಕಾದು ಉದ್ದವಾಗುತ್ತದೆ, ಅದಕ್ಕೇ ಜಾಸ್ತಿ ಜಾಗ. ಟೈಮಿಂಗ್ ತಾನೇ ಬದಲಾಗುವ ಎಂಜಿನ್ ಆದರೆ ಇನ್‌ಟೇಕ್ ಕ್ಯಾಮ್ ಪೂರ್ತಿ ಮುಂದೆ ಸರಿದಾಗಲೂ ಇಷ್ಟು ಅಂತರ ಉಳಿಯಬೇಕು. ಸಾಲದಿದ್ದರೆ ಪಿಸ್ಟನ್‌ನಲ್ಲಿ ಗುಳಿ ಕೊರೆಸಬೇಕು, ಇಲ್ಲವೇ ಚಿಕ್ಕ ಕ್ಯಾಮ್‌ಗೆ ಒಪ್ಪಿಕೊಳ್ಳಬೇಕು.

ಕ್ಲೇ ಪೂರ್ತಿ ಒರೆಸಿ, ಕೊನೆಯ ಜೋಡಣೆಗೆ ಹೊಸ ಗ್ಯಾಸ್ಕೆಟ್ ಹಾಕಿ. ಉಳಿದದ್ದು ಕೈಪಿಡಿಯಲ್ಲಿದೆ. ಒಂದು ಮಾತು: ಕ್ಯಾಮ್ ಹೆಡ್‌ನಲ್ಲೇ ಇರುವ ಓವರ್‌ಹೆಡ್ ಕ್ಯಾಮ್ ಆದರೆ ಅದನ್ನು ಹಿಡಿದಿಡುವ ಕ್ಯಾಪ್ ಬೋಲ್ಟ್‌ಗಳನ್ನು ಸ್ವಲ್ಪ ಸ್ವಲ್ಪವೇ, ಎಲ್ಲವನ್ನೂ ಸಮವಾಗಿ ಬಿಗಿ ಮಾಡಿ. ಒಂದೇ ಕಡೆ ಎಳೆದರೆ ಶಾಫ್ಟ್ ಮುರಿಯಬಹುದು.

ಮೊದಲ ಸ್ಟಾರ್ಟ್

ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಟ್ಯೂನ್ ಆಗದೆ ಜೋರಾಗಿ ಓಡಿಸಬೇಡಿ. ತಳದಲ್ಲಿ ಉರುಳುವ ಗಾಲಿ ಇರುವ ರೋಲರ್ ಟ್ಯಾಪೆಟ್ ಆದರೆ ಸುಮ್ನೆ ಸ್ಟಾರ್ಟ್ ಮಾಡಿ, ಸೋರಿಕೆ ನೋಡಿ. ಗಾಲಿಯಿಲ್ಲದೆ ಉಬ್ಬಿನ ಮೇಲೆ ನೇರ ಉಜ್ಜುವ ಫ್ಲ್ಯಾಟ್ ಟ್ಯಾಪೆಟ್ ಆದರೆ ಕಥೆ ಬೇರೆ. ಹೊಸ ಕ್ಯಾಮ್‌ಗೆ ಹೊಸ ಟ್ಯಾಪೆಟ್ಟೇ ಬೇಕು. ಉಬ್ಬುಗಳಿಗೆ ಅಸೆಂಬ್ಲಿ ಪೇಸ್ಟ್ ಬಳಿದು, ಜಿಂಕ್ ಹೆಚ್ಚಿರುವ ಬ್ರೇಕ್-ಇನ್ ಆಯಿಲ್ ಹಾಕಿ. ಸ್ಟಾರ್ಟ್ ಆದ ಕೂಡಲೇ 2000ದಿಂದ 2500 ಆರ್‌ಪಿಎಂಗೆ ಏರಿಸಿ 20–30 ನಿಮಿಷ ಅಲ್ಲೇ ಇಡಿ. ಐಡಲ್‌ಗೆ ಬಿಟ್ಟರೆ ಉಬ್ಬುಗಳಿಗೆ ಸಿಡಿಯುವ ಆಯಿಲ್ ಸಾಲುವುದಿಲ್ಲ.

ಅದಾದ ಮೇಲೆ ಆಯಿಲ್ ಇಳಿಸಿ ಫಿಲ್ಟರ್ ಕತ್ತರಿಸಿ. ಒಳಗಿನ ಕಾಗದದ ಮಡಿಕೆಗಳನ್ನು ಬಿಸಿಲಿನಲ್ಲಿ ಬಿಡಿಸಿ ನೋಡಿ. ಬೂದುಬಣ್ಣದ ನಯವಾದ ಪುಡಿ ಸ್ವಲ್ಪ ಇದ್ದರೆ ಪರವಾಗಿಲ್ಲ. ಬೆರಳಿಗೆ ಚುಚ್ಚುವ ಹೊಳೆಯುವ ಚೂರು ಸಿಕ್ಕರೆ ಕೀಲಿ ತಿರುಗಿಸಬೇಡಿ, ಕವರ್ ಮತ್ತೆ ಬಿಚ್ಚಿ.