ಮಿಕ್ಕ ಎದೆಹಾಲು ಕೊಡೋದು ಹೇಗೆ? ಮೊದಲು ಒಂದು ಫೋನ್ ಮಾಡಿ

ಬಾಣಂತನಕ್ಕೆ ದಾವಣಗೆರೆಯ ತವರಿಗೆ ಬಂದಿದ್ದಾಗ ನನಗೆ ಹಾಲು ಜಾಸ್ತಿ. ಅವ್ವ ದಿನಾ ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ ಅಂತ ಬಡಿಸುತ್ತಿದ್ದಳು, ಮಗು ಕುಡಿದು ಮಲಗಿದ ಮೇಲೂ ಎದೆ ಕಲ್ಲಿನ ಹಾಗೆ ಬಿಗಿಯುತ್ತಿತ್ತು, ಹಿಂಡಿ ಹಿಂಡಿ ಹಿತ್ತಲಿನ ಮಲ್ಲಿಗೆ ಬುಡಕ್ಕೆ ಹಾಕುತ್ತಿದ್ದೆ. ದಿನಕ್ಕೆ ಅರ್ಧ ಲೋಟವಾದರೂ ಆಗ್ತಿತ್ತು. ದಿನ ತುಂಬದೆ ಹುಟ್ಟಿದ ಒಂದು ಕೆಜಿ ತೂಕದ ಮಗುವಿಗೆ ಶುರುವಿನಲ್ಲಿ ಎರಡು ಗಂಟೆಗೊಮ್ಮೆ ಕೊಡೋದು ಒಂದೆರಡು ಎಂ.ಎಲ್. ಅಷ್ಟೇ, ಅದೂ ನಳಿಕೆಯಲ್ಲಿ. ಒಳಲೆಯ ತಳ ಒದ್ದೆಯಾಗುವಷ್ಟು. ಇದು ಗೊತ್ತಾದ ಮೇಲೆ ಚೆಲ್ಲೋಕೆ ಮನಸ್ಸು ಬರಲಿಲ್ಲ.

ದಿನ ತುಂಬುವ ಮುಂಚೆ ಹುಟ್ಟಿದ ಮಕ್ಕಳ ಕರುಳು ತುಂಬಾ ಎಳೆಯದು. ಡಬ್ಬಿ ಹಾಲು ಕುಡಿದವಕ್ಕೆ ಕರುಳಿನ ಊತ, ಕರುಳು ಕೊಳೆಯುವ ಕಾಯಿಲೆ ಬರುವುದು ಹೆಚ್ಚು. ಹೆತ್ತ ತಾಯಿಯ ಹಾಲೇ ಮೊದಲು, ಅದು ಸಿಗದಿದ್ದಾಗ ಬೇರೆ ತಾಯಿ ಕೊಟ್ಟ ಹಾಲು. ಆ ಹಾಲನ್ನು ತಗೊಂಡು, ಕಾಪಿಟ್ಟು, ಇಂಥ ಮಕ್ಕಳಿಗೆ ಕೊಡೋಕೇ ಹಾಲಿನ ಬ್ಯಾಂಕ್. ಏಷ್ಯಾದಲ್ಲಿ ಮೊದಲನೆಯದು 1989ರಲ್ಲಿ ಮುಂಬೈನ ಸಯನ್ ಆಸ್ಪತ್ರೆಯಲ್ಲಿ ಶುರುವಾಯಿತು.

ನಾನು ಮಾಡಿದ ತಪ್ಪು ನೀವು ಮಾಡಬೇಡಿ. ಯಾರನ್ನೂ ಕೇಳದೆ ಹತ್ತು ಹನ್ನೆರಡು ಪ್ಯಾಕೆಟ್ ಫ್ರೀಜ್ ಮಾಡಿ, ಥರ್ಮಾಕೋಲ್ ಡಬ್ಬದಲ್ಲಿಟ್ಟುಕೊಂಡು ಆಟೋದಲ್ಲಿ ಒಂದು ಆಸ್ಪತ್ರೆಗೆ ಹೋದೆ. ನಿಮ್ಮ ರಕ್ತ ಪರೀಕ್ಷೆ ಆಗಿಲ್ಲ, ಇಲ್ಲಿ ಬೇರೆಯವರ ಹಾಲು ತಗೊಳ್ಳೋದೂ ಇಲ್ಲ ಅಂದರು ಸಿಸ್ಟರ್. ಅವರು ಹೇಳಿದ್ದು ಸರಿನೇ. 2017ರ ಕೇಂದ್ರ ಸರ್ಕಾರದ ಮಾರ್ಗಸೂಚಿಯಲ್ಲೇ ಹಾಲು ಎತ್ತಿಡುವ ಜಾಗ ಎರಡು ಥರ ಇದೆ: ದೊಡ್ಡ ಕೇಂದ್ರಗಳು ದಾನದ ಹಾಲು ತಗೊಳ್ಳುತ್ತವೆ, ಸಣ್ಣ ಘಟಕಗಳು ತಾಯಿಯ ಹಾಲನ್ನು ಅವಳ ಮಗುವಿಗೇ ಅಂತ ಎತ್ತಿಡುತ್ತವೆ.

ಹಾಗಾಗಿ ದಾವಣಗೆರೆಯಾಗಲಿ ಚಿತ್ರದುರ್ಗವಾಗಲಿ, ಮೊದಲು ಜಿಲ್ಲಾ ಆಸ್ಪತ್ರೆಯ ನವಜಾತ ಶಿಶು ಘಟಕಕ್ಕೋ ಮೆಡಿಕಲ್ ಕಾಲೇಜಿನ ಮಕ್ಕಳ ವಿಭಾಗಕ್ಕೋ ಫೋನ್ ಮಾಡಿ, 'ಬೇರೆ ತಾಯಂದಿರ ಹಾಲು ತಗೊಳ್ತೀರಾ, ಇಲ್ಲದಿದ್ದರೆ ಎಲ್ಲಿ ತಗೊಳ್ತಾರೆ' ಅಂತ ನೇರವಾಗಿ ಕೇಳಿ. ಬೆಂಗಳೂರಿನ ವಾಣಿ ವಿಲಾಸ ಆಸ್ಪತ್ರೆಯಲ್ಲಿ ಸರ್ಕಾರದ್ದೇ ಬ್ಯಾಂಕ್ ಇದೆ, ಆ ಕಡೆ ಹೋಗುವವರಿದ್ದರೆ ಅಲ್ಲಿಯೂ ವಿಚಾರಿಸಬಹುದು.

ತಗೊಳ್ಳುವವರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡು ಎಚ್‌ಐವಿ, ಹೆಪಟೈಟಿಸ್ ಬಿ, ಸಿಫಿಲಿಸ್ ಪರೀಕ್ಷೆ ನೋಡುತ್ತಾರೆ. ತಾಯಿ ಕಾರ್ಡ್ ಮತ್ತು ಬಸುರಿಯಲ್ಲಿ ಮಾಡಿಸಿದ ರಿಪೋರ್ಟ್ ಜೊತೆಗಿರಲಿ. ಯಾವ ಮಾತ್ರೆ ತಗೊಳ್ತಿದ್ದೀರಿ, ಈಚೆಗೆ ರಕ್ತ ಹಾಕಿಸಿಕೊಂಡಿದ್ದೀರಾ, ಎಲ್ಲ ಹೇಳಿ. ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕುವ ಅಭ್ಯಾಸ ಇದ್ದರೂ ಮುಚ್ಚಿಡಬೇಡಿ. ನಿಮ್ಮ ಮಗುವಿನ ಹೊಟ್ಟೆ ತುಂಬಿ ತೂಕ ಏರುತ್ತಿದ್ದರೆ ಮಾತ್ರ ಈ ಮಾತು.

ಹಿಂಡುವ ಮುಂಚೆ ಉಗುರು ಕತ್ತರಿಸಿ, ಸೋಪು ಹಾಕಿ ಕೈ ತೊಳೆಯಿರಿ. ಹೆಬ್ಬೆರಳು ಮೇಲೆ, ತೋರುಬೆರಳು ಕೆಳಗೆ, ಕಪ್ಪು ಭಾಗದ ಅಂಚಿನಲ್ಲಿ ಇಡಿ. ಮೊದಲು ಎದೆಗೂಡಿನ ಕಡೆಗೆ ಒತ್ತಿ, ಆಮೇಲೆ ಎರಡೂ ಬೆರಳು ಸೇರಿಸಿ ಹಿಂಡಿ, ಬಿಡಿ. ಮೊದಲ ಒಂದು ನಿಮಿಷ ಏನೂ ಬರದಿದ್ದರೆ ಗಾಬರಿ ಬೇಡ, ಹನಿ ಹನಿಯಾಗಿ ಶುರುವಾಗಿ ಆಮೇಲೆ ಚಿಮ್ಮುತ್ತೆ. ತೊಟ್ಟು ಎಳೆದರೆ ನೋವು ಬರುತ್ತೆ, ಹಾಲು ಬರಲ್ಲ. ಪಂಪ್ ಇದ್ದರೆ ಹಾಲು ತಾಗುವ ಭಾಗಗಳನ್ನು ಕುದಿಸಿಕೊಳ್ಳಿ.

ಆಸ್ಪತ್ರೆಯವರು ಕೊಟ್ಟ ಡಬ್ಬಿಗೇ ಹಾಕಿ, ಮುಕ್ಕಾಲು ತುಂಬಿದರೆ ಸಾಕು. ಫ್ರೀಜ್ ಆದಾಗ ಹಾಲು ಉಬ್ಬುತ್ತೆ. ತಾರೀಖು, ಟೈಮು ಬರೆದು ತಕ್ಷಣ ಫ್ರಿಜ್‌ಗೆ, ಅದೇ ದಿನ ಫ್ರೀಜರ್‌ಗೆ. ಹೊರಗೆ ನಾಲ್ಕು ಗಂಟೆ ಇಡಬಹುದು ಅಂತ ಓದಿರುತ್ತೀರಿ, ಅದು 25 ಡಿಗ್ರಿಯ ಲೆಕ್ಕ. ನಮ್ಮೂರ ಏಪ್ರಿಲ್ ಬಿಸಿಲಿಗೆ ಆ ಲೆಕ್ಕ ನಡೆಯಲ್ಲ. ಬೆಚ್ಚಗಿನ ಹಾಲನ್ನು ಫ್ರೀಜ್ ಆದ ಹಾಲಿನ ಮೇಲೆ ಸುರಿಯಬೇಡಿ. ಕರೆಂಟು ಹೋಗಿ ಕರಗಿಹೋಯಿತಾ? ಮತ್ತೆ ಫ್ರೀಜ್ ಮಾಡಿ ಕೊಡುವಂತಿಲ್ಲ, ಹೊಟ್ಟೆ ಉರಿದರೂ ಬಿಟ್ಟುಬಿಡಿ. ಒಯ್ಯುವಾಗ ಡಬ್ಬದ ತುಂಬ ಐಸ್ ಪ್ಯಾಕ್ ಇರಲಿ.

ಬ್ಯಾಂಕಿನಲ್ಲಿ ಹಾಲನ್ನು 62.5 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿ, ತಣಿಸಿ, ಸೂಕ್ಷ್ಮಜೀವಿ ಇದೆಯಾ ಅಂತ ಪರೀಕ್ಷೆ ಮಾಡಿ ಆಮೇಲೆ ಕೊಡುತ್ತಾರೆ. ಪಕ್ಕದ ಮನೆಯ ಮಗುವಿಗೆ ಹಸಿ ಹಾಲು ಕೊಡಬೇಡಿ ಅನ್ನೋದು ಇದಕ್ಕೇ. ದುಡ್ಡಿನ ಮಾತು ಎತ್ತಿದವರನ್ನಂತೂ ನಂಬಲೇಬೇಡಿ, ಎದೆಹಾಲು ಮಾರುವಂತಿಲ್ಲ ಅಂತ ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರದ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2024ರ ಮೇನಲ್ಲಿ ಸ್ಪಷ್ಟವಾಗಿ ಹೇಳಿದೆ.

'ಬೇರೆಯವರಿಗೆ ಕೊಟ್ಟರೆ ಹಾಲು ಬತ್ತುತ್ತೆ ಕಣೆ, ದೃಷ್ಟಿ ಆಗುತ್ತೆ' ಅಂದಿದ್ದಳು ಅವ್ವ. ಹಿಂಡಿದಷ್ಟೂ ಹಾಲು ಬರುತ್ತೆ, ದಿನಾ ಹಾಲು ಕರೆಯುವವಳು ನೀನು, ನಿನಗೆ ಗೊತ್ತಿಲ್ವಾ ಅಂದೆ. ದೃಷ್ಟಿಗೆ ಬೇಕಾದರೆ ನಿವಾಳಿಸು ಅಂತ ಉಪ್ಪು, ಮೆಣಸಿನಕಾಯಿ ಅವಳ ಕೈಗೇ ಕೊಟ್ಟೆ.