ಮಗುವಿನ ತಲೆಗೆ ದೇವಣಿ ಎತ್ತಿನ ಟೋಪಿ

ಛದ್ಮವೇಷಕ್ಕೆಂದು ಮನೆಯಲ್ಲಿ ಮಾಡಿದ ಪ್ರಾಣಿಯ ಟೋಪಿಗಳು ಕೆಡುವುದು ಎರಡೇ ಕಡೆ. ತಲೆಭಾಗ ಗುಂಡಗೆ ಬರದೆ ಹುಟ್ಟುಹಬ್ಬದ ಟೋಪಿಯಂತೆ ಚೂಪಾಗುತ್ತದೆ, ಇಲ್ಲವೆ ಮಗು ವೇದಿಕೆ ಹತ್ತುವಷ್ಟರಲ್ಲಿ ಅಂಟು ಬಿಟ್ಟು ಕೋಡು ಕೈಗೆ ಬರುತ್ತದೆ. ಶಾಲೆಯ ಗ್ಯಾದರಿಂಗ್ ಇರಲಿ, ಪ್ರತಿಭಾ ಕಾರಂಜಿ ಇರಲಿ, ಹಿಂದಿನ ರಾತ್ರಿ ಹತ್ತಕ್ಕೆ ಕೂತು ಈ ಕೆಲಸ ಮಾಡಬೇಡಿ. ಎರಡು ಸಂಜೆ ಬೇಕು, ನಡುವೆ ಒಂದು ರಾತ್ರಿ ಒಣಗಲು ಬಿಡಬೇಕು.

ಇಲ್ಲಿ ಹೇಳುತ್ತಿರುವುದು ಎತ್ತಿನ ಟೋಪಿ. ಬೀದರ್ ಕಡೆಯ ದೇವಣಿ ತಳಿಯಲ್ಲಿ ಪೂರ್ತಿ ಬಿಳಿಯದಕ್ಕೆ ಬಾಳಂಕ್ಯಾ, ಬಿಳಿ ಮೈಯಿದ್ದು ಮುಖ ಕಪ್ಪಾಗಿರುವುದಕ್ಕೆ ವನ್ನೇರಾ, ಮೈಮೇಲೆ ಕಪ್ಪು ಮಚ್ಚೆ ಇರುವುದಕ್ಕೆ ಶೇವೇರಾ ಎನ್ನುತ್ತಾರೆ. ಟೋಪಿಗೆ ವನ್ನೇರಾ ಆರಿಸಿಕೊಳ್ಳಿ. ಬಿಳಿ ತಲೆಯ ಮೇಲಿನ ಕಪ್ಪು ಮುಖ ಕೊನೆಯ ಸಾಲಿನಲ್ಲಿ ಕೂತವರಿಗೂ ಎದ್ದು ಕಾಣುತ್ತದೆ.

ಏನೇನು ಬೇಕು

6 ಮಿ.ಮೀ. ದಪ್ಪದ ಬಿಳಿ ಫೋಮ್ ಶೀಟ್ (ಚಪ್ಪಲಿಗೆ ಬಳಸುವ ಇವಿಎ ಫೋಮ್) 60 × 60 ಸೆಂ.ಮೀ. ತುಂಡು, ಕಪ್ಪು ಬಣ್ಣದ 2 ಮಿ.ಮೀ. ಶೀಟ್ ಎರಡು, ಹೊಸ ಬ್ಲೇಡ್ ಹಾಕಿದ ಕಟರ್, ಸೊಲ್ಯೂಷನ್ ಎಂದು ಕರೆಯುವ ರಬ್ಬರ್ ಅಂಟು (ಫೆವಿಕಾಲ್ ಎಸ್‌ಆರ್ ತರಹದ್ದು), 120 ನಂಬರಿನ ಉಜ್ಜುಕಾಗದ, ಹತ್ತಿ ಬಟ್ಟೆಯ ಪಟ್ಟಿ, ವೆಲ್ಕ್ರೋ.

ಕಲಬುರಗಿಯ ಸೂಪರ್ ಮಾರ್ಕೆಟ್ ಸುತ್ತಿನ ಸ್ಟೇಷನರಿ ಅಂಗಡಿಗಳಲ್ಲಿ ಕೇಳಿದರೆ ಸಾಮಾನ್ಯವಾಗಿ ಕೈಗೆ ಕೊಡುವುದು 2 ಮಿ.ಮೀ. ಶೀಟ್. ಅದು ಮುಖ, ಮೂಗಿನ ಹೊಳ್ಳೆಗಳಿಗೆ ಸರಿ, ತಲೆಭಾಗಕ್ಕೆ ನಿಲ್ಲುವುದಿಲ್ಲ. ದಪ್ಪನೆಯದು ಚಪ್ಪಲಿ ತಯಾರಿಸುವವರಿಗೆ ಸಾಮಾನು ಮಾರುವ ಅಂಗಡಿಯಲ್ಲಿ ಕೇಳಿ. ಸೊಲ್ಯೂಷನ್ನೂ ಅಲ್ಲೇ ದೊರೆಯಬಹುದು. ಬಣ್ಣ ಬಿಳಿಯೇ ಇರಲಿ, ಅರ್ಧ ಕೆಲಸ ಕಡಿಮೆಯಾಗುತ್ತದೆ. ಥರ್ಮೋಕೋಲ್ ತರಬೇಡಿ, ಸೊಲ್ಯೂಷನ್ ಬಿದ್ದ ಕಡೆ ಅದು ಕರಗಿ ತೂತಾಗುತ್ತದೆ. ಬಿಳಿ ಫೆವಿಕಾಲೂ ಬೇಡ. ಫೋಮ್ ನೀರು ಹೀರುವುದಿಲ್ಲವಾದ್ದರಿಂದ ಅದು ಹೊರಗೆ ಒಣಗಿದಂತೆ ಕಂಡರೂ ಸಿಪ್ಪೆಯಂತೆ ಎದ್ದು ಬರುತ್ತದೆ.

ತಲೆಭಾಗದ ಅಳತೆ

ಹುಬ್ಬಿನ ಮೇಲೆ, ಕಿವಿಯ ಮೇಲ್ಭಾಗ ಮುಟ್ಟುವಂತೆ ಟೇಪ್ ಸುತ್ತಿ ಅಳೆಯಿರಿ. 51 ಸೆಂ.ಮೀ. ಬಂತು ಎನ್ನೋಣ. ಅಷ್ಟಕ್ಕೇ ಕತ್ತರಿಸಿದರೆ ಟೋಪಿ ತಲೆಗೆ ಇಳಿಯುವುದಿಲ್ಲ. ದಪ್ಪ ಹಾಳೆಯನ್ನು ಬಳೆಯಂತೆ ಬಗ್ಗಿಸಿದಾಗ ಅದರ ಒಳಸುತ್ತು ಕಡಿಮೆಯಾಗುತ್ತದೆ. 6 ಮಿ.ಮೀ. ದಪ್ಪಕ್ಕೆ ಈ ನಷ್ಟ ಹೆಚ್ಚುಕಡಿಮೆ 2 ಸೆಂ.ಮೀ. ಅದನ್ನೂ, ಕೂದಲು ಮತ್ತು ಬಟ್ಟೆಪಟ್ಟಿಗೆಂದು ಇನ್ನೊಂದು ಸೆಂ.ಮೀ.ಅನ್ನೂ ಕೂಡಿಸಿ 54 ಎಂದು ಹಿಡಿಯಿರಿ.

ತಲೆಭಾಗವನ್ನು ಹೂವಿನ ಎಸಳಿನಂತಹ ಆರು ತುಂಡುಗಳನ್ನು ಕೂಡಿಸಿ ಮಾಡುವುದು. ಈ 54ನ್ನು ಆರು ಎಸಳುಗಳಿಗೆ ಹಂಚಿದರೆ ಒಂದರ ಬುಡದ ಅಗಲ 9 ಸೆಂ.ಮೀ. ಎಸಳಿನ ಎತ್ತರ 54ರ ಕಾಲುಭಾಗ, ಅಂದರೆ 13.5. ಎಡವುವುದು ಇಲ್ಲಿಯೇ. ಬುಡದಿಂದ ತುದಿಗೆ ಅಡಿಪಟ್ಟಿ ಇಟ್ಟು ನೇರ ಗೆರೆ ಎಳೆದರೆ ತ್ರಿಕೋನವಾಗುತ್ತದೆ, ಆರು ತ್ರಿಕೋನ ಕೂಡಿದರೆ ಶಂಕುವಾಗುತ್ತದೆ. ಎಸಳಿನ ಹೊಟ್ಟೆ ಉಬ್ಬಿರಬೇಕು. ಬುಡದಿಂದ 3.4 ಸೆಂ.ಮೀ. ಮೇಲೆ ಅಗಲ 8.3, ಸರಿಅರ್ಧಕ್ಕೆ 6.4, ಮುಕ್ಕಾಲು ಎತ್ತರದಲ್ಲಿ 3.4. ಈ ಗುರುತುಗಳನ್ನು ಕೈಯಿಂದಲೇ ನಯವಾಗಿ ಸೇರಿಸಿ. ಬುಡದ ಕೆಳಗೆ ಅದೇ 9 ಸೆಂ.ಮೀ. ಅಗಲದಲ್ಲಿ 3 ಸೆಂ.ಮೀ. ನೇರಭಾಗ ಉಳಿಸಿ, ಇಲ್ಲವಾದರೆ ಟೋಪಿ ಹಣೆಯವರೆಗೆ ಬರದೆ ನೆತ್ತಿಯ ಮೇಲೆ ಕೂರುತ್ತದೆ.

ಅಚ್ಚಿಗೆ ಹಳೆಯ ಲಗ್ನಪತ್ರಿಕೆಯ ದಪ್ಪ ಕಾರ್ಡು ಸಾಕು. ಉದ್ದಕ್ಕೆ ಮಡಚಿ ಕತ್ತರಿಸಿದರೆ ಎರಡೂ ಮಗ್ಗುಲು ಸಮ ಬರುತ್ತವೆ. ಆರೂ ಎಸಳುಗಳನ್ನು ಇದೊಂದೇ ಅಚ್ಚಿನಿಂದ ಗೆರೆ ಹಾಕಿ, ಅರ್ಧದ ಎತ್ತರದಲ್ಲಿ ಎರಡೂ ಅಂಚಿಗೆ ಪೆನ್ನಿನ ಚುಕ್ಕೆ ಇಡಿ. ಕಟರ್ ಹಾಳೆಗೆ ನೆಟ್ಟಗೆ ನಿಂತಿರಲಿ, ಎರಡು ಮೂರು ಎಳೆತದಲ್ಲಿ ಕತ್ತರಿಸಿ. ಮೊಂಡ ಬ್ಲೇಡು ಅಂಚನ್ನು ಹರಿಯುತ್ತದೆ. ಹರಿದ ಅಂಚಿಗೆ ಎಷ್ಟು ಅಂಟು ಬಳಿದರೂ ಕೂಡುವುದಿಲ್ಲ. ಆರು ಎಸಳಿಗೆ ಒಮ್ಮೆಯಾದರೂ ಬ್ಲೇಡಿನ ತುದಿ ಮುರಿದು ಹೊಸದು ಮಾಡಿಕೊಳ್ಳಿ.

ಅಂಟು

ಈ ಅಂಟು ಹಸಿಯಿದ್ದಾಗ ಹಿಡಿಯುವುದಿಲ್ಲ. ಎರಡೂ ಅಂಚಿಗೆ ತೆಳ್ಳಗೆ ಬಳಿದು, ಎರಡೂ ಒಣಗಿದ ಮೇಲೆ ಒಂದಕ್ಕೊಂದು ತಾಗಿಸಿದಾಗ ಹಿಡಿಯುತ್ತದೆ. ಬಳಿದ ಕೂಡಲೇ ಒತ್ತಿ ಹಿಡಿದು ಕೂತವರ ಟೋಪಿಯೇ ಮರುದಿನ ಬಿಚ್ಚಿಕೊಳ್ಳುವುದು, ಏಕೆಂದರೆ ಒಳಗಿನ ದ್ರಾವಕಕ್ಕೆ ಆರಲು ದಾರಿಯೇ ಇರುವುದಿಲ್ಲ.

ಕತ್ತರಿಸಿದ ಅಂಚು ಮೊದಲ ಲೇಪವನ್ನು ನುಂಗುತ್ತದೆ. ಅದು ಒಣಗಿದ ಮೇಲೆ ಎರಡನೆಯದನ್ನು ಬಳಿಯಿರಿ. ಬೆರಳ ಹಿಂಬದಿಯಿಂದ ಮುಟ್ಟಿದಾಗ ನೂಲು ಎಳೆಯದೆ, ತುಸು ಜಿಗುಟೆನಿಸಿದರೆ ಹದ ಬಂದಿದೆ. ಚಳಿಗಾಲದ ಸಂಜೆ ಇದಕ್ಕೆ ಹತ್ತು ನಿಮಿಷ ಹಿಡಿದರೆ, ನಮ್ಮ ಏಪ್ರಿಲ್–ಮೇ ಸೆಕೆಯಲ್ಲಿ ನಾಲ್ಕೈದು ನಿಮಿಷಕ್ಕೇ ಆಗಬಹುದು, ಆದ್ದರಿಂದ ಗಡಿಯಾರಕ್ಕಿಂತ ಬೆರಳನ್ನು ನಂಬಿ. ಬೇಸಿಗೆಯಲ್ಲಿ ಆರೂ ಎಸಳಿಗೆ ಒಟ್ಟಿಗೇ ಬಳಿದಿಟ್ಟರೆ ಕೊನೆಯದಕ್ಕೆ ಬರುವಷ್ಟರಲ್ಲಿ ಹದ ಮೀರುತ್ತದೆ. ಮೀರಿದರೆ ಮತ್ತೊಂದು ತೆಳು ಲೇಪ ಕೊಡಿ.

ತಾಗಿದ ಮೇಲೆ ಸರಿಸಲು ಬರುವುದಿಲ್ಲ. ಮೊದಲು ಬುಡ, ನಂತರ ತುದಿ, ಆಮೇಲೆ ನಡುವಿನ ಚುಕ್ಕೆಗೆ ಚುಕ್ಕೆ, ಕೊನೆಗೆ ಉಳಿದ ಜಾಗವನ್ನು ಚಿವುಟುತ್ತಾ ಮುಚ್ಚಿ. ಬುಡದಿಂದ ಒಂದೇ ಸಮನೆ ಸೇರಿಸುತ್ತಾ ಹೋದರೆ ಒಂದು ಎಸಳು ಹಿಗ್ಗಿ ತುದಿಯಲ್ಲಿ ಅರ್ಧ ಸೆಂ.ಮೀ. ಹೆಚ್ಚಾಗಿ ಉಳಿಯುತ್ತದೆ. ಮೂರು ಎಸಳಿನ ಎರಡು ಅರ್ಧಗಳನ್ನು ಮಾಡಿ, ಆಮೇಲೆ ಎರಡನ್ನೂ ಒಂದೇ ಉದ್ದ ಕೂಡಿಕೆಯಲ್ಲಿ ಸೇರಿಸಿ. ಆರು ತುದಿಗಳು ಕೂಡುವಲ್ಲಿ ಒಂದೊಂದನ್ನೂ 3 ಮಿ.ಮೀ. ಮೊಂಡು ಮಾಡಿದರೆ ಸಣ್ಣ ಕಿಂಡಿ ಉಳಿಯುತ್ತದೆ. ಅದನ್ನು ಮುಚ್ಚಬೇಡಿ, ಗಾಳಿಯಾಡಲಿ.

ಕಿಟಕಿ ತೆರೆದಿಟ್ಟು ಕೆಲಸ ಮಾಡಿ, ಮಗು ಬೇರೆ ಕೋಣೆಯಲ್ಲಿರಲಿ. ಅಡುಗೆಮನೆಯಲ್ಲಂತೂ ಬೇಡವೇ ಬೇಡ, ಈ ಅಂಟಿನ ಆವಿಗೆ ಬೆಂಕಿ ಹತ್ತುತ್ತದೆ.

ಗ್ಲೂ ಗನ್ ಬೇಗ ಆಗುತ್ತದೆಂದು ಹಲವರು ಅದಕ್ಕೇ ಕೈ ಹಾಕುತ್ತಾರೆ. ಮಚ್ಚೆ, ಗೊಂಡೆ ಅಂಟಿಸಲು ಅಡ್ಡಿಯಿಲ್ಲ. ಭಾರ ಹೊರುವ ಕೂಡಿಕೆಗೆ ಮಾತ್ರ ಅದು ಸಲ್ಲದು. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಅರ್ಧ ತಾಸು ಇಟ್ಟರೆ ಆ ಅಂಟು ಮತ್ತೆ ಮೆತ್ತಗಾಗಿ ಕಿವಿ ಜೋತುಬೀಳುತ್ತದೆ.

ಕೋಡು, ಕಿವಿ, ಮುಖ

ಕೋಡಿಗೆ ಬಾಗಿದ ಚಂದ್ರನಂತಹ ತುಂಡುಗಳನ್ನು 18 ಸೆಂ.ಮೀ. ಉದ್ದ, ಬುಡಕ್ಕೆ 5 ಸೆಂ.ಮೀ. ಅಗಲ ಇಟ್ಟು ಕತ್ತರಿಸಿ, ಒಂದೊಂದು ಕೋಡಿಗೆ ಮೂರರಂತೆ. ನಡುವಿನ ಪದರಕ್ಕೆ ಬುಡದಲ್ಲಿ 3 ಸೆಂ.ಮೀ. ಬಾಲ ಬಿಡಿ. ಮೂರನ್ನೂ ಅಂಟಿಸಿ ಅಂಚುಗಳನ್ನು ಕಟರ್‌ನಿಂದ ಹೆರೆದು, ಉಜ್ಜಿ ದುಂಡಗೆ ಮಾಡಿ. ತುದಿ ಹೆಬ್ಬೆರಳಿನಷ್ಟು ಮೊಂಡಾಗಿರಲಿ, ಮಗು ತಲೆ ಬಾಗಿಸಿದರೆ ಅದು ಪಕ್ಕದ ಮಗುವಿನ ಕಣ್ಣಿನ ಎತ್ತರಕ್ಕೆ ಬರುತ್ತದೆ.

ಟೋಪಿಯಲ್ಲಿ ಸೀಳು ಮಾಡಿ ಬಾಲವನ್ನು ಒಳಗೆ ತೂರಿಸಿ, ಅದನ್ನು ಎರಡಾಗಿ ಸೀಳಿ ಎಡಬಲಕ್ಕೆ ಮಡಚಿ ಅಂಟಿಸಿ, ಮೇಲೆ 6 ಸೆಂ.ಮೀ. ಅಗಲದ ದುಂಡು ತೇಪೆ ಹಾಕಿ. ಬುಡವನ್ನು ಹೊರಗಿನಿಂದ ಬರೀ ಅಂಟಿಸಿದ ಕೋಡು ಒಂದು ಕುಣಿತವನ್ನೂ ತಡೆಯದು. ಕೋಡಿನ ಜಾಗ ಮಗುವಿನ ಕಿವಿಯ ನೇರಕ್ಕೆ ಮೇಲೆ. ಹಣೆಯ ಕಡೆ ಜರುಗಿದರೆ ಭಾರಕ್ಕೆ ಟೋಪಿ ಕಣ್ಣಿಗೆ ಇಳಿಯುತ್ತದೆ.

ದೇವಣಿಯ ಕಿವಿ ಉದ್ದ, ಜೋಲು. 14 × 6 ಸೆಂ.ಮೀ. ಎಲೆಯಾಕಾರ ಕತ್ತರಿಸಿ, ಹತ್ತಿ ಬಟ್ಟೆ ಹಾಸಿ ಇಸ್ತ್ರಿಪೆಟ್ಟಿಗೆಯಿಂದ ಬಿಸಿ ಮಾಡಿ, ಬುಡ ಚಿವುಟಿ ತಣಿಯುವವರೆಗೆ ಹಿಡಿದರೆ ಆ ಬಾಗು ಉಳಿಯುತ್ತದೆ.

ಮುಖಕ್ಕೆ 20 × 12 ಸೆಂ.ಮೀ. ದಪ್ಪ ತುಂಡು, ಅದರ ಮೇಲೆ ಕಪ್ಪು ಶೀಟ್. ಹುಬ್ಬಿನಿಂದ 8 ಸೆಂ.ಮೀ.ಗಿಂತ ಮುಂದೆ ಚಾಚದಿರಲಿ. ಎಣ್ಣೆಬಣ್ಣ ಬಳಿಯಬೇಡಿ, ಬಾಗಿದಲ್ಲೆಲ್ಲ ಬಿರಿಯುತ್ತದೆ.

ಹಣೆಗೆ ಬಾಸಿಂಗ, ಕೋಡಿನ ಬುಡಕ್ಕೆ ಕೆಂಪು ಉಣ್ಣೆಯ ಗೊಂಡೆ ಕಟ್ಟಿದರೆ ಕಾರ ಹುಣ್ಣಿಮೆಯ ಎತ್ತಾಯಿತು. ಗೆಜ್ಜೆ ಮಾತ್ರ ಟೋಪಿಗೆ ಬೇಡ, ಕಿವಿಯ ಪಕ್ಕದ ಸದ್ದಿಗೆ ಮಗುವಿಗೆ ಹಾಡು ಕೇಳಿಸುವುದಿಲ್ಲ. ಗೆಜ್ಜೆಯನ್ನು ಕಾಲಿಗೆ ಕಟ್ಟಿ.

ಒಳಗೆ ಹಣೆ ತಾಗುವಲ್ಲಿ ಹತ್ತಿಪಟ್ಟಿ ಅಂಟಿಸಿ, ಫೋಮ್ ಬೆವರು ಹೀರುವುದಿಲ್ಲ. ಗದ್ದಕ್ಕೆ ಎಲಾಸ್ಟಿಕ್ ಬದಲು ವೆಲ್ಕ್ರೋ ಹಚ್ಚಿದ ಬಟ್ಟೆಪಟ್ಟಿ ಇರಲಿ, ಯಾರಾದರೂ ಜಗ್ಗಿದರೆ ಬಿಚ್ಚಿಕೊಳ್ಳಬೇಕು. ಒಂದು ರಾತ್ರಿ ಗಾಳಿಗೆ ಇಟ್ಟು ವಾಸನೆ ಹೋದ ಮೇಲೆ ತೊಡಿಸಿ, ಹತ್ತು ನಿಮಿಷ ಕುಣಿಸಿ ನೋಡಿ. ಹಿಂದೆ ಸಡಿಲವಿದ್ದರೆ ಹಿಂದಲೆ ತಾಗುವಲ್ಲಿ ಒಳಗಡೆ ಬೆರಳಗಲದ ಫೋಮ್ ಪಟ್ಟಿ ಅಂಟಿಸಿದರೆ ಕೂರುತ್ತದೆ.